ಹವಳದ ಹಾಸಿನ ಮೇಲೆ ಬ್ರಿಟಲ್ ಸ್ಟಾರ್ ಹುಡುಕುವ ಮತ್ತು ಗುರುತಿಸುವ ವಿಧಾನ

ಬ್ರಿಟಲ್ ಸ್ಟಾರ್‌ಗಳು ನಕ್ಷತ್ರ ಮೀನು, ಸೀ ಅರ್ಚಿನ್ ಮತ್ತು ಕಡಲ ಸೌತೆಗಳಂತೆಯೇ ಕಂಟಕಚರ್ಮಿಗಳ, ಅಂದರೆ ಮುಳ್ಳುಚರ್ಮದ ಕಡಲ ಜೀವಿಗಳ ಗುಂಪಿಗೆ ಸೇರಿದ, ಬಿಲ್ಲೆಯಂಥ ದೇಹ ಮತ್ತು ಉದ್ದ ತೋಳುಗಳ ಪ್ರಾಣಿಗಳು. ಜಗತ್ತಿನ ಸಮುದ್ರಗಳಲ್ಲಿ ಇವುಗಳ 2,000ಕ್ಕೂ ಹೆಚ್ಚು ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಬಹುಪಾಲು ಪ್ರಭೇದಗಳು ಆಳದ ನೀರಿನಲ್ಲೋ ಕಲ್ಲುಗಳ ಅಡಿಯಲ್ಲೋ ಅಡಗಿರುವುದರಿಂದ, ಮುಳುಗುವ ಸಲಕರಣೆಗಳಿಲ್ಲದವರಿಗೆ ಅವುಗಳ ಬದುಕನ್ನು ಕಣ್ಣಾರೆ ನೋಡುವ ಅವಕಾಶ ಸಿಗುವುದು ಕಡಿಮೆ. ಓಫಿಯೋಕೋಮಾ ಸ್ಕೊಲೊಪೆಂಡ್ರಿನಾ ಎಂಬ ಪ್ರಭೇದವು ಇದಕ್ಕೆ ಹೊರತಾಗಿದೆ. ಪೂರ್ವ ಆಫ್ರಿಕದ ಕರಾವಳಿ ಮತ್ತು ಕೆಂಪು ಸಮುದ್ರದಿಂದ ಹಿಡಿದು ಭಾರತದ ಹವಳದ ದ್ವೀಪಗಳು, ಆಗ್ನೇಯ ಏಷ್ಯ, ಉತ್ತರ ಆಸ್ಟ್ರೇಲಿಯ ಮತ್ತು ಪೆಸಿಫಿಕ್ ದ್ವೀಪಗಳವರೆಗೆ ಹರಡಿಕೊಂಡಿರುವ ಈ ಪ್ರಾಣಿ, ಉಬ್ಬರ ಮತ್ತು ಇಳಿತಗಳ ನಡುವೆ ನೀರು ಬಂದು ಹೋಗುವ ಹವಳದ ಹಾಸಿನ ಮೇಲೆಯೇ ವಾಸಿಸುತ್ತದೆ. ಮೊಣಕಾಲುದ್ದದ ನೀರಿಗೂ ಇಳಿಯದೆ ಇದನ್ನು ನೋಡಬಹುದು. ಫ್ರಾನ್ಸಿನ ನಿಸರ್ಗ ವಿಜ್ಞಾನಿ ಲಾಮಾರ್ಕ್ 1816ರಲ್ಲಿ ಇದನ್ನು ಮೊದಲು ವರ್ಣಿಸಿದಾಗ ಅವನ ಮುಂದಿದ್ದ ಮಾದರಿ ಮಾರಿಷಸ್ ದ್ವೀಪದ್ದು.

ಇದನ್ನು ಗುರುತಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣವನ್ನು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬಣ್ಣವನ್ನು ಕೊನೆಗೆ ನೋಡಬೇಕು. ಪ್ರಾಣಿ ಹಾಸಿನ ಯಾವ ಭಾಗದಲ್ಲಿದೆ, ನೀರು ಏರುವಾಗ ಏನು ಮಾಡುತ್ತದೆ ಎಂಬ ಎರಡು ಸಂಗತಿಗಳನ್ನು ಮೊದಲು ಗಮನಿಸಿದರೆ ಗುರುತಿಸುವ ಕೆಲಸದ ಮುಕ್ಕಾಲು ಭಾಗ ಮುಗಿಯುತ್ತದೆ, ಮತ್ತು ಅದಕ್ಕಾಗಿ ಒಂದು ಕಲ್ಲನ್ನೂ ಮಗುಚಬೇಕಾಗುವುದಿಲ್ಲ.

ಎಲ್ಲಿಗೆ, ಯಾವಾಗ ಹೋಗಬೇಕು

ಕರ್ನಾಟಕದ ಕರಾವಳಿಯಲ್ಲಿ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆಯಾದರೂ, ಇಳಿತದಲ್ಲಿ ಬರಿದಾಗಿ ನಡೆಯಲು ಸಿಗುವಂಥ ವಿಶಾಲವಾದ ಹವಳದ ಹಾಸು ಇಲ್ಲ. ನಮ್ಮ ತೀರದ ಬಂಡೆಗಳ ಸಂದಿಯಲ್ಲಿ ಯಾವುದಾದರೂ ಬ್ರಿಟಲ್ ಸ್ಟಾರ್ ಕಂಡರೆ ಅದನ್ನು ಈ ಪ್ರಭೇದವೆಂದು ನೇರವಾಗಿ ತೀರ್ಮಾನಿಸಬಾರದು. ಕನ್ನಡ ನಾಡಿನವರಿಗೆ ಹತ್ತಿರದ ಮತ್ತು ಅತ್ಯುತ್ತಮವಾದ ಜಾಗ ಲಕ್ಷದ್ವೀಪ. ಅದರ ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ದ್ವೀಪಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಒಳಪಟ್ಟಿದ್ದವು. ಈಗ ಅಲ್ಲಿಗೆ ಹೋಗಲು ಹೊರಗಿನವರು ಮುಂಚಿತವಾಗಿ ಪ್ರವೇಶ ಪರವಾನಗಿ ಪಡೆಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅಲೆಗಳ ಅಬ್ಬರ ಹೆಚ್ಚಿರುವುದರಿಂದ ಹವಳದ ಹಾಸಿನ ಮೇಲೆ ಕಾಲಿಡುವ ಯೋಚನೆಯನ್ನೇ ಬಿಡಬೇಕು. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಅನುಕೂಲಕರ. ಅಂಡಮಾನ್ ದ್ವೀಪಗಳಲ್ಲಿಯೂ ಈ ಪ್ರಭೇದವಿದೆ.

ಲಕ್ಷದ್ವೀಪದ ದ್ವೀಪಗಳ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಹುಡುಕಾಟ ಸುಲಭವಾಗುತ್ತದೆ. ಅಲ್ಲಿನ ಬಹುತೇಕ ದ್ವೀಪಗಳು ಉಂಗುರಾಕಾರದ ಹವಳದ ದಂಡೆಯ ಪೂರ್ವ ಅಂಚಿನಲ್ಲಿ ನೆಲೆ ನಿಂತಿವೆ. ಪಶ್ಚಿಮಕ್ಕೆ ಶಾಂತವಾದ, ಆಳವಿಲ್ಲದ ಲಗೂನ್, ಅಂದರೆ ದಂಡೆಯ ಒಳಗಿನ ಕಡಲ ನೀರಿನ ಹರವು ಇದ್ದು, ಅದರಾಚೆ ಅಲೆಗಳನ್ನು ತಡೆಯುವ ದಂಡೆ ಇರುತ್ತದೆ. ಪ್ರವಾಸಿಗರು ಸಾಮಾನ್ಯವಾಗಿ ಲಗೂನ್ ಕಡೆಗೆ ಹೋಗುತ್ತಾರೆ. ಅಲ್ಲಿ ತಳವೆಲ್ಲ ಸಡಿಲ ಮರಳಾಗಿರುವುದರಿಂದ ನಮ್ಮ ಪ್ರಾಣಿಗೆ ಬೇಕಾದ ಗಟ್ಟಿ ನೆಲೆ ಸಿಗುವುದಿಲ್ಲ. ನೀವು ಹೋಗಬೇಕಾದದ್ದು ಪೂರ್ವ ದಡಕ್ಕೆ. ಅಲ್ಲಿ ಸತ್ತ ಹವಳವು ಗಟ್ಟಿಯಾಗಿ ಬೆಸೆದುಕೊಂಡ, ಹೊಂಡ ಮತ್ತು ಬಿರುಕುಗಳಿಂದ ತುಂಬಿದ, ಹೆಚ್ಚು ಅಗಲವಿಲ್ಲದ ಒಂದು ಹಾಸು ದಡಕ್ಕೆ ತಾಗಿಕೊಂಡೇ ಇರುತ್ತದೆ.

ಹೊತ್ತನ್ನು ನಿರ್ಧರಿಸಲು ಉಬ್ಬರವಿಳಿತದ ಪಟ್ಟಿ ಬೇಕೇ ಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಇಂಥ ಪಟ್ಟಿಯನ್ನು ಪ್ರಕಟಿಸುತ್ತದೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಅಂದರೆ ಇನ್‌ಕಾಯಿಸ್, ಮುನ್ಸೂಚನೆಗಳನ್ನು ನೀಡುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನ ಹಾಗೂ ಅದರ ಮುಂದಿನ ಎರಡು ದಿನಗಳಲ್ಲಿ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಮರುದಿನದ ಇಳಿತ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಎಂಬ ಲೆಕ್ಕ ಇಟ್ಟುಕೊಂಡರೆ ಮೂರು ನಾಲ್ಕು ದಿನಗಳ ಕಾರ್ಯಕ್ರಮವನ್ನು ಮೊದಲೇ ಹಾಕಿಕೊಳ್ಳಬಹುದು. ಇಳಿತದ ಕನಿಷ್ಠ ಮಟ್ಟಕ್ಕೆ ಅರ್ಧ ಗಂಟೆ ಮೊದಲು ಅಲ್ಲಿರಿ. ಆದರೆ ನೀರು ಮತ್ತೆ ಏರತೊಡಗಿದ ಕೂಡಲೇ ಹೊರಡುವ ಆತುರ ಬೇಡ, ಏಕೆಂದರೆ ನೋಡಬೇಕಾದ ಮುಖ್ಯ ಸಂಗತಿ ನಡೆಯುವುದೇ ಆಗ.

ನೆಲೆಯನ್ನು ಓದುವುದು

ಹಾಸಿನ ಮೇಲೆ ದಡದಿಂದ ಕಡಲಿನ ಕಡೆಗೆ ನಡೆಯುವಾಗ ಮೂರು ಬಗೆಯ ಪ್ರದೇಶಗಳು ಒಂದಾದ ಮೇಲೊಂದು ಸಿಗುತ್ತವೆ. ದಡಕ್ಕೆ ತಾಗಿದಂತೆ ಮರಳು ಮತ್ತು ಉರುಳಿ ಬಂದ ಹವಳದ ತುಂಡುಗಳಿರುತ್ತವೆ. ಅದರ ನಂತರ, ಇಳಿತದಲ್ಲಿ ಬಹುಪಾಲು ಬರಿದಾಗಿ, ಅಲ್ಲಲ್ಲಿ ಹೊಂಡಗಳಲ್ಲಿ ಮಾತ್ರ ನೀರು ನಿಲ್ಲುವ ಗಟ್ಟಿ ಹಾಸು ಬರುತ್ತದೆ. ಕೊನೆಯದು ಯಾವಾಗಲೂ ಅಲೆ ಬಡಿಯುವ, ಜೀವಂತ ಹವಳಗಳಿರುವ ಅಂಚು. ಓಫಿಯೋಕೋಮಾ ಸ್ಕೊಲೊಪೆಂಡ್ರಿನಾಗೆ ಪ್ರಿಯವಾದದ್ದು ನಡುವಿನ ಪ್ರದೇಶ, ಅದರಲ್ಲೂ ದಡದ ಕಡೆಯ ಅರ್ಧ. ಇಳಿತದ ಹೊತ್ತಿನಲ್ಲಿ ಬಿಸಿಲು ಕಾಯುವ, ಮಳೆ ಬಂದರೆ ಸಿಹಿನೀರು ಬೀಳುವ ಇಂಥ ಕಠಿಣ ಜಾಗದಲ್ಲಿ ಅದರ ಹತ್ತಿರದ ಬಂಧುಗಳು ಬಾಳುವುದು ವಿರಳ. ಈ ಒಂದು ಸಂಗತಿಯೇ ಗುರುತಿಸುವಿಕೆಯಲ್ಲಿ ದೊಡ್ಡ ಸಹಾಯ ಮಾಡುತ್ತದೆ.

ಹೊಂಡದ ಅಂಚು, ಬಂಡೆಯ ಬಿರುಕು, ಸತ್ತ ಹವಳದಲ್ಲಿ ಬೇರೆ ಜೀವಿಗಳು ಕೊರೆದು ಬಿಟ್ಟ ತೂತು, ಹೀಗೆ ನಡುಬಿಲ್ಲೆಯನ್ನು, ಅಂದರೆ ತೋಳುಗಳು ಹೊರಡುವ ದೇಹದ ನಡುಭಾಗವನ್ನು, ಒಳಗಿಟ್ಟುಕೊಳ್ಳಲು ಸಾಕಾಗುವ ಯಾವುದೇ ಸಂದಿಯಲ್ಲಿ ಪ್ರಾಣಿ ನೆಲೆಸುತ್ತದೆ. ಒಂದೆರಡು ತೋಳುಗಳನ್ನು ಒಳಗೆ ಬಿಗಿಯಾಗಿ ಊರಿಕೊಂಡು ಉಳಿದವನ್ನು ಹೊರಕ್ಕೆ ಚಾಚುವುದು ಅದರ ರೂಢಿ. ನೀರು ಪೂರ್ತಿ ಇಳಿದಾಗ ಎಲ್ಲ ತೋಳುಗಳನ್ನೂ ಒಳಗೆ ಎಳೆದುಕೊಂಡು ಒದ್ದೆಯಾದ ನೆರಳಿನಲ್ಲಿ ಕಾಯುತ್ತದೆ. ಆ ಸ್ಥಿತಿಯಲ್ಲಿ ನಿಮಗೆ ಕಾಣುವುದು ಬಿರುಕಿನ ಬಾಯಲ್ಲಿ ಸುರುಳಿಯಾಗಿರುವ ಒಂದು ತೋಳಿನ ತುದಿ ಮಾತ್ರ. ಅನುಕೂಲಕರವಾದ ಹಾಸಿನ ಮೇಲೆ ಇವು ಒತ್ತೊತ್ತಾಗಿ ವಾಸಿಸುವುದರಿಂದ, ಒಂದು ತುದಿ ಕಣ್ಣಿಗೆ ಬಿದ್ದ ಮೇಲೆ ಸುತ್ತಲಿನ ಬಿರುಕುಗಳಲ್ಲಿಯೂ ಅಂಥವೇ ಕಾಣತೊಡಗುತ್ತವೆ.

ನೀರು ಏರುವ ಹೊತ್ತು

ಇಳಿತದಲ್ಲಿ ಇಂಥ ಒಂದು ಜಾಗವನ್ನು ಆರಿಸಿಕೊಂಡು, ದಡವನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬರಿ ಬಂಡೆಯ ಮೇಲೆ ಕುಳಿತುಕೊಳ್ಳಿ. ನಿಮ್ಮ ನೆರಳು ಹೊಂಡದ ಮೇಲೆ ಬೀಳದಂತೆ ಎಚ್ಚರ ವಹಿಸಿ. ಬ್ರಿಟಲ್ ಸ್ಟಾರ್‌ಗಳಿಗೆ ನಮ್ಮಂತೆ ಕಣ್ಣುಗಳಿಲ್ಲದಿದ್ದರೂ ಬೆಳಕು ಮತ್ತು ನೆರಳಿನ ಬದಲಾವಣೆಯನ್ನು ಅವು ತಮ್ಮ ದೇಹದ ಮೇಲ್ಮೈಯಿಂದಲೇ ಗ್ರಹಿಸುತ್ತವೆ. ಮೇಲೆ ನೆರಳು ಸುಳಿದರೆ ತೋಳುಗಳು ತಟ್ಟನೆ ಒಳಸರಿಯುತ್ತವೆ. ಈ ಪ್ರಭೇದ ಹಾಸಿನ ಮೇಲುಭಾಗದಲ್ಲಿಯೇ ಇರುವುದರಿಂದ, ಏರುತ್ತಿರುವ ನೀರನ್ನು ದಡದ ಹತ್ತಿರವೇ ನಿಂತು ನೋಡಬಹುದು ಎಂಬುದು ವೀಕ್ಷಕರ ಪಾಲಿಗೆ ದೊಡ್ಡ ಅನುಕೂಲ. ಕಡಲಿನ ಅಂಚಿನ ಬಳಿ ನಿಂತು ಉಬ್ಬರಕ್ಕಾಗಿ ಕಾಯುವುದು ಅಪಾಯಕರ, ಅದನ್ನು ಎಂದೂ ಮಾಡಬಾರದು.

ಮೊದಲ ನೀರು ಹಾಸಿನ ಮೇಲೆ ತೆಳ್ಳಗೆ ಹರಿದು ಬರುವಾಗ, ಬಿಸಿಲಿಗೆ ಒಣಗಿದ್ದ ಪಾಚಿಯ ಚೂರು, ಸೂಕ್ಷ್ಮಜೀವಿಗಳು, ನೊರೆ ಮತ್ತು ಧೂಳಿನಂಥ ಕಣಗಳನ್ನು ಎತ್ತಿಕೊಂಡು ಬರುತ್ತದೆ. ಇವೆಲ್ಲ ನೀರಿನ ಮೇಲ್ಪದರದಲ್ಲಿ ತೇಲುತ್ತಿರುತ್ತವೆ. ಅದೇ ಕ್ಷಣಕ್ಕೆ ಬಿರುಕುಗಳಿಂದ ತೋಳುಗಳು ಹೊರಬರುತ್ತವೆ. ನೀರು ಕೆಲವೇ ಸೆಂಟಿಮೀಟರ್ ಆಳವಿರುವಾಗ ಪ್ರಾಣಿ ತೋಳನ್ನು ತಿರುಚಿ, ಅದರ ಕೆಳಮೈ ನೀರಿನ ಮೇಲ್ಪದರಕ್ಕೆ ತಾಗುವಂತೆ ಮಾಡಿ, ಅತ್ತಿಂದಿತ್ತ ಬೀಸುತ್ತ ಆ ಪದರವನ್ನು ಗುಡಿಸುತ್ತದೆ. ತೋಳಿನ ಕೆಳಮೈಯಲ್ಲಿ ಸಾಲುಸಾಲಾಗಿರುವ ನಾಳಪಾದಗಳು, ಅಂದರೆ ಕೊಳವೆಯಂಥ ಪುಟ್ಟ ಮೆತ್ತನೆಯ ಕಾಲುಗಳು, ಅಂಟಿಕೊಂಡ ಕಣಗಳನ್ನು ಲೋಳೆಯೊಂದಿಗೆ ಬೆರೆಸಿ ಸಣ್ಣ ಉಂಡೆಗಳನ್ನಾಗಿ ಮಾಡುತ್ತವೆ, ಮತ್ತು ಒಂದು ನಾಳಪಾದ ಮುಂದಿನದಕ್ಕೆ ದಾಟಿಸುತ್ತ ಆ ಉಂಡೆಯನ್ನು ತೋಳಿನುದ್ದಕ್ಕೂ ಬಾಯಿಯವರೆಗೆ ಸಾಗಿಸುತ್ತವೆ. ಹತ್ತಿರದಿಂದ ನೋಡಿದರೆ ಉಂಡೆಗಳು ಚಲಿಸುವುದು ಬರಿಗಣ್ಣಿಗೂ ಕಾಣುತ್ತದೆ. ಇಂಥ ಆಹಾರ ಸಂಗ್ರಹವನ್ನು ಕೆಂಪು ಸಮುದ್ರದಲ್ಲಿ 1960ರ ದಶಕದಲ್ಲಿಯೂ, ಕೆನ್ಯದ ಹವಳದ ಹಾಸಿನ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ವಿವರವಾಗಿ ದಾಖಲಿಸಲಾಗಿದೆ.

ಈ ದೃಶ್ಯ ಹೆಚ್ಚು ಹೊತ್ತು ಇರುವುದಿಲ್ಲ. ನೀರು ಆಳವಾದಂತೆ ತೋಳುಗಳು ಮೇಲ್ಪದರವನ್ನು ಮುಟ್ಟಲಾರದೆ, ಹರಿವಿನಲ್ಲಿ ತೇಲಿ ಬರುವ ಕಣಗಳನ್ನು ಹಿಡಿಯಲು ಮತ್ತು ಬಂಡೆಯ ಮೇಲೆ ಕುಳಿತ ಕಣಗಳನ್ನು ಆಯ್ದುಕೊಳ್ಳಲು ತೊಡಗುತ್ತವೆ. ನೀರಿನ ಮೇಲ್ಪದರ ಗುಡಿಸುವ ಈ ನಡವಳಿಕೆಯನ್ನು ಉಬ್ಬರದ ಆರಂಭದಲ್ಲಿ, ಹಾಸಿನ ಮೇಲುಭಾಗದಲ್ಲಿ, ಗುಂಪುಗುಂಪಾಗಿ ನಡೆಯುವುದನ್ನು ನೀವು ನೋಡಿದ್ದರೆ, ನಿಮ್ಮ ಮುಂದಿರುವುದು ಓಫಿಯೋಕೋಮಾ ಸ್ಕೊಲೊಪೆಂಡ್ರಿನಾ ಎಂದು ಬಹುಮಟ್ಟಿಗೆ ನಂಬಬಹುದು. ಮುಂದಿನ ಹಂತ ಆಕಾರವನ್ನು ಪರೀಕ್ಷಿಸಿ ಅದನ್ನು ದೃಢಪಡಿಸಿಕೊಳ್ಳುವುದು.

ದೇಹದ ಲಕ್ಷಣಗಳು

ನಕ್ಷತ್ರ ಮೀನಿನಲ್ಲಿ ತೋಳುಗಳು ಬುಡದಲ್ಲಿ ಅಗಲವಾಗಿ ದೇಹದ ನಡುಭಾಗದೊಳಗೆ ಬೆರೆತುಹೋಗುತ್ತವೆ. ಬ್ರಿಟಲ್ ಸ್ಟಾರ್‌ನಲ್ಲಿ ನಡುಬಿಲ್ಲೆ ಬೇರೆ, ತೋಳು ಬೇರೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಜಠರ ಮುಂತಾದ ಮುಖ್ಯ ಅಂಗಗಳು ನಡುಬಿಲ್ಲೆಯಲ್ಲಿಯೇ ಇದ್ದು, ಬಾಯಿ ಅದರ ಕೆಳಮೈಯಲ್ಲಿ ಐದು ದವಡೆಗಳ ನಡುವೆ ಇರುತ್ತದೆ. ಗುದದ್ವಾರ ಇಲ್ಲದಿರುವುದರಿಂದ ಜೀರ್ಣವಾಗದೆ ಉಳಿದದ್ದೂ ಬಾಯಿಯಿಂದಲೇ ಹೊರಬರುತ್ತದೆ. ತೋಳಿನೊಳಗೆ ಬೆನ್ನೆಲುಬಿನ ಮಣಿಗಳಂತೆ ಜೋಡಣೆಗೊಂಡ ಸುಣ್ಣದ ತುಂಡುಗಳಿದ್ದು, ಅವುಗಳ ನಡುವಿನ ಸ್ನಾಯುಗಳಿಂದ ತೋಳು ಬಳುಕುತ್ತದೆ. ಚಲಿಸುವಾಗ ಬ್ರಿಟಲ್ ಸ್ಟಾರ್‌ಗಳು ನಾಳಪಾದಗಳನ್ನು ನೆಚ್ಚಿಕೊಳ್ಳದೆ ತೋಳುಗಳನ್ನೇ ಹುಟ್ಟು ಹಾಕಿದಂತೆ ಬೀಸುತ್ತ ಸಾಗುತ್ತವೆ, ಆದ್ದರಿಂದ ಅವು ನಕ್ಷತ್ರ ಮೀನುಗಳಿಗಿಂತ ಬಹಳ ಚುರುಕು.

ನಮ್ಮ ಪ್ರಭೇದದಲ್ಲಿ ಬೆಳೆದ ಪ್ರಾಣಿಯ ನಡುಬಿಲ್ಲೆ 2ರಿಂದ 3 ಸೆಂಟಿಮೀಟರ್ ಅಡ್ಡಳತೆಯದಾಗಿದ್ದು, ಐದು ತೋಳುಗಳು ಅದರ ಹಲವು ಪಟ್ಟು ಉದ್ದವಿರುತ್ತವೆ. ದೊಡ್ಡ ಪ್ರಾಣಿಗಳ ತೋಳು 15 ಸೆಂಟಿಮೀಟರ್‌ನಷ್ಟು ಉದ್ದವಾಗಬಹುದು. ನಡುಬಿಲ್ಲೆಯ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒತ್ತಾದ ಸಣ್ಣ ಹರಳುಗಳಿಂದ ಮುಚ್ಚಿಹೋಗಿರುವುದು ತಿಳಿಯುತ್ತದೆ. ಈ ಹರಳುಗಳ ಹೊದಿಕೆ ಓಫಿಯೋಕೋಮಾ ಮತ್ತು ಅದರ ನಿಕಟ ಬಂಧುಗಳ ಲಕ್ಷಣ. ಮೇಲ್ಮೈಯಲ್ಲಿ ಮುಳ್ಳುಗಳೋ ನುಣುಪಾದ ದೊಡ್ಡ ಫಲಕಗಳೋ ಕಂಡರೆ ಅದು ಬೇರೆ ಗುಂಪಿನ ಪ್ರಾಣಿ. ತೋಳಿನ ಎರಡೂ ಬದಿಗಳಲ್ಲಿ, ಪ್ರತಿ ಗಿಣ್ಣಿಗೆ ಮೂರು ಅಥವಾ ನಾಲ್ಕರಂತೆ, ಗಟ್ಟಿಯಾದ ಮುಳ್ಳುಗಳು ಹೊರಕ್ಕೆ ನಿಮಿರಿ ನಿಂತಿರುತ್ತವೆ. ಅವುಗಳಲ್ಲಿ ಮೇಲ್ಭಾಗದ ಮುಳ್ಳು ಹಲವೆಡೆ ಉಳಿದವಕ್ಕಿಂತ ದಪ್ಪವಾಗಿರುತ್ತದೆ. ತೋಳಿನ ಕೆಳಮೈಯಲ್ಲಿ ಪ್ರತಿ ನಾಳಪಾದದ ಬುಡದ ರಂಧ್ರವನ್ನು ಕಾಯುವ ಎರಡು ಪುಟ್ಟ ಹುರುಪೆಗಳಿರುತ್ತವೆ. ತೋಳಿನ ತುದಿಯ ಕಡೆಗೆ ಹೋದಂತೆ ಅವು ಒಂದಕ್ಕೆ ಇಳಿಯಬಹುದು.

ಬಣ್ಣದ ವಿಷಯದಲ್ಲಿ ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು: ಮೇಲ್ಮೈ ಕಂದು, ಬೂದು ಮತ್ತು ಕಪ್ಪುಗಳ ಮಿಶ್ರಣವಾಗಿರುತ್ತದೆ, ತೋಳುಗಳ ಮೇಲೆ ತಿಳಿ ಮತ್ತು ಗಾಢ ಬಣ್ಣಗಳ ಪಟ್ಟೆಗಳು ಸಾಮಾನ್ಯ, ಕೆಳಮೈ ಮೇಲ್ಮೈಗಿಂತ ತಿಳಿಯಾಗಿರುತ್ತದೆ. ಇದರ ವ್ಯತ್ಯಾಸ ಎಷ್ಟಿದೆಯೆಂದರೆ ಒಂದೇ ಹೊಂಡದ ಎರಡು ಪ್ರಾಣಿಗಳು ಬೇರೆ ಬೇರೆ ಪ್ರಭೇದಗಳಂತೆ ತೋರಬಹುದು. ಯಾವುದಾದರೂ ತೋಳು ಒಂದು ಹಂತದಿಂದ ಮುಂದಕ್ಕೆ ಒಮ್ಮೆಲೇ ತೆಳ್ಳಗಾಗಿ, ಬಣ್ಣ ಮಾಸಿದಂತೆ ಕಂಡರೆ ಅದು ತುಂಡಾಗಿ ಮತ್ತೆ ಬೆಳೆಯುತ್ತಿರುವ ತೋಳು. ಮೀನು ಅಥವಾ ಏಡಿ ಕಚ್ಚಿದ ತೋಳನ್ನು ಕಳಚಿಕೊಂಡು ಬದುಕುಳಿದು, ಆಮೇಲೆ ಅದನ್ನು ಮರಳಿ ಬೆಳೆಸಿಕೊಳ್ಳುವ ಶಕ್ತಿ ಬ್ರಿಟಲ್ ಸ್ಟಾರ್‌ಗಳಿಗಿದೆ.

ಒಂದರಂತೆ ಒಂದು ಕಾಣುವ ಬಂಧುಗಳು

ಹೆಚ್ಚು ಗೊಂದಲಕ್ಕೆ ಕಾರಣವಾಗುವುದು ಓಫಿಯೋಕೋಮಾ ಎರಿನೇಸಿಯಸ್. ಇದೂ ಅಷ್ಟೇ ದೊಡ್ಡದು, ಇದರ ನಡುಬಿಲ್ಲೆಗೂ ಹರಳಿನ ಹೊದಿಕೆಯಿದೆ. ಆದರೆ ಇದು ಮೇಲೆ ಕೆಳಗೆ ಎರಡೂ ಕಡೆ ಏಕರೂಪವಾದ ಗಾಢ ಕಪ್ಪು ಬಣ್ಣದ್ದಾಗಿದ್ದು, ಜೀವಂತವಾಗಿರುವಾಗ ನಾಳಪಾದಗಳು ಸಾಮಾನ್ಯವಾಗಿ ಕೆಂಪಾಗಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ನೆಲೆ ಕಡಲಿನ ಕಡೆಯ ಅಂಚು; ನೀರು ಎಂದೂ ಪೂರ್ತಿ ಬರಿದಾಗದ, ಅಲೆ ಬಡಿಯುವ ಹವಳಗಳ ಸಂದು. ಎರಡೂ ಪ್ರಭೇದಗಳು ಒಂದೇ ಹವಳದ ದಂಡೆಯ ಮೇಲಿದ್ದರೂ ದಡದ ಕಡೆ ಒಂದು, ಕಡಲ ಕಡೆ ಇನ್ನೊಂದು ಎಂಬಂತೆ ಜಾಗವನ್ನು ಹಂಚಿಕೊಂಡಿರುತ್ತವೆ. ಬಣ್ಣದಿಂದ ತೀರ್ಮಾನಿಸಲಾಗದ ಕಪ್ಪು ಛಾಯೆಯ ಪ್ರಾಣಿಯನ್ನು ಕಂಡಾಗ ನೀವು ನಿಂತಿರುವ ಜಾಗವನ್ನೊಮ್ಮೆ ನೋಡಿಕೊಳ್ಳಿ.

ಮರಳಿನ ಮೇಲೆ ಕುಳಿತ ಹವಳದ ಚಪ್ಪಡಿಗಳ ಅಡಿಯಲ್ಲಿ ವಾಸಿಸುವ, ತೋಳುಗಳು ಗಿಡ್ಡವಾಗಿರುವ, ನಡುಬಿಲ್ಲೆಯ ಮೇಲೆ ತಿಳಿಗಂದು ಬಣ್ಣದ ಬಲೆಯಂಥ ಚಿತ್ತಾರವಿರುವ ಪ್ರಾಣಿ ಬ್ರೆವಿಟರ್ಮಾ ಬ್ರೆವಿಪೆಸ್ ಆಗಿರಬಹುದು. ಇದನ್ನು ಬಹುಕಾಲ ಓಫಿಯೋಕೋಮಾ ಕುಲದಲ್ಲಿಯೇ ಸೇರಿಸಲಾಗಿತ್ತು. 2019ರಲ್ಲಿ ಆ ಕುಲವನ್ನು ಮರುವಿಂಗಡಿಸಿದಾಗ ಇದರ ಹೆಸರು ಬದಲಾಯಿತು, ಹಾಗಾಗಿ ಹಳೆಯ ಕೈಪಿಡಿಗಳಲ್ಲಿ ಓಫಿಯೋಕೋಮಾ ಬ್ರೆವಿಪೆಸ್ ಎಂದೇ ಕಾಣುತ್ತದೆ. ನಮ್ಮ ಪ್ರಭೇದದ ಹೆಸರು ಮಾತ್ರ ಆ ಬದಲಾವಣೆಯ ನಂತರವೂ ಹಾಗೆಯೇ ಉಳಿದಿದೆ. ಅತ್ಯಂತ ಉದ್ದವಾದ ತೋಳುಗಳು, ಗಾಜಿನಂತೆ ಪಾರದರ್ಶಕವಾದ ಮುಳ್ಳುಗಳು ಮತ್ತು ನಡುಬಿಲ್ಲೆಯ ಮೇಲೆ ಎದ್ದು ಕಾಣುವ ತ್ರಿಕೋನಾಕಾರದ ಫಲಕಗಳಿದ್ದರೆ ಅದು ಮ್ಯಾಕ್ರೋಫಿಯೋಥ್ರಿಕ್ಸ್ ಕುಲದ್ದು. ಮುಳ್ಳುಗಳು ಬಹಳ ಚಿಕ್ಕದಾಗಿ ತೋಳಿಗೆ ಒತ್ತಿಕೊಂಡಿದ್ದು, ಇಡೀ ಪ್ರಾಣಿ ನುಣುಪಾಗಿ ಕಂಡರೆ ಓಫಿಯೋಲೆಪಿಸ್ ಕುಲವನ್ನು ಪರಿಶೀಲಿಸಬೇಕು.

ಮುಟ್ಟುವುದು, ನಡೆಯುವುದು, ಚಿತ್ರ ತೆಗೆಯುವುದು

ತೋಳನ್ನು ಹಿಡಿದು ಬಿರುಕಿನಿಂದ ಎಳೆಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಪ್ರಾಣಿ ತನ್ನ ಮುಳ್ಳುಗಳನ್ನು ಬಂಡೆಗೆ ಊರಿಕೊಂಡು ನಿಲ್ಲುವುದರಿಂದ ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದು ಹರಿದ ತೋಳು. ಅದು ಮತ್ತೆ ಬೆಳೆಯುತ್ತದೆ ನಿಜ, ಆದರೆ ಹಾಗೆ ಬೆಳೆಯಲು ಪ್ರಾಣಿ ಬಹಳ ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ ಮತ್ತು ಆಹಾರ ಗುಡಿಸುವ ಒಂದು ಸಾಧನವನ್ನು ಅಷ್ಟು ಕಾಲ ಕಳೆದುಕೊಳ್ಳುತ್ತದೆ. ಹೊಂಡದಲ್ಲಿ ತಾನಾಗಿ ಹೊರಬಂದ ಪ್ರಾಣಿಯ ಕೆಳಮೈ ನೋಡಲೇಬೇಕಿದ್ದರೆ, ಪಾರದರ್ಶಕವಾದ ಅಗಲ ಡಬ್ಬಿಯನ್ನು ನೀರಿನೊಳಗೇ ಅದರ ಮುಂದೆ ಇಟ್ಟು, ಅದು ತಾನೇ ಹತ್ತಿದ ಮೇಲೆ ನೀರಿನ ಸಮೇತ ಎತ್ತಿ, ಡಬ್ಬಿಯ ತಳದಿಂದ ಚಿತ್ರ ತೆಗೆದು, ಒಂದೆರಡು ನಿಮಿಷಗಳಲ್ಲಿ ಅದೇ ಬಿರುಕಿನ ಬಳಿ ಬಿಡಬಹುದು. ಬಿಸಿಲಿನಲ್ಲಿ ಡಬ್ಬಿಯ ನೀರು ಬೇಗ ಕಾಯುತ್ತದೆ ಎಂಬುದನ್ನು ಮರೆಯಬಾರದು.

ಪ್ರಾಣಿಯನ್ನಾಗಲಿ ಹವಳದ ತುಂಡನ್ನಾಗಲಿ ಮನೆಗೆ ತರಬೇಡಿ. ದಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಸಮುದ್ರದ ಬಿಸಿ ಏರಿದ್ದರಿಂದ ಬಣ್ಣ ಕಳೆದುಕೊಂಡು ದೊಡ್ಡ ಪ್ರಮಾಣದಲ್ಲಿ ಸತ್ತಿವೆ. ಉಳಿದು ಚೇತರಿಸಿಕೊಳ್ಳುತ್ತಿರುವ ಹವಳವನ್ನು ನಮ್ಮ ಪಾದಗಳಿಂದ ಮುರಿಯುವುದು ಸಹಿಸಲಾಗದ ವಿಷಯ. ಗಟ್ಟಿ ಬಂಡೆ ಅಥವಾ ಮರಳಿನ ಮೇಲೆ ಮಾತ್ರ ಹೆಜ್ಜೆ ಇಡಿ.

ನಿಮ್ಮ ಸುರಕ್ಷತೆಗಾಗಿ ದಪ್ಪ ಅಟ್ಟೆಯ, ಬೆರಳು ಮುಚ್ಚುವ ಪಾದರಕ್ಷೆ ಅಗತ್ಯ. ಇಂಥ ಹಾಸುಗಳಲ್ಲಿ ಬಂಡೆಯ ಬಣ್ಣವನ್ನೇ ಹೊದ್ದಿರುವ ಸ್ಟೋನ್‌ಫಿಶ್ ಎಂಬ ವಿಷಮುಳ್ಳಿನ ಮೀನು, ಉದ್ದ ಮುಳ್ಳಿನ ಕಪ್ಪು ಸೀ ಅರ್ಚಿನ್ ಮತ್ತು ಕುಟುಕುವ ಶಂಕುವಿನಾಕಾರದ ಬಸವನಹುಳುಗಳು ಇರಬಹುದು. ಅಂದವಾಗಿ ಕಾಣುವ ಶಂಕುವಿನಾಕಾರದ ಚಿಪ್ಪನ್ನು ಎತ್ತಿಕೊಳ್ಳಬಾರದು, ಬಿರುಕುಗಳೊಳಗೆ ಬೆರಳು ತೂರಿಸಬಾರದು. ಒಬ್ಬಂಟಿಯಾಗಿ ಹೋಗದೆ, ಆ ದಡವನ್ನು ಬಲ್ಲ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳಿತು.

ದಾಖಲೆಗಾಗಿ ಚಿತ್ರ ತೆಗೆಯುವವರು ಕನಿಷ್ಠ ಮೂರು ಚಿತ್ರಗಳನ್ನು ತೆಗೆಯಬೇಕು: ಸುತ್ತಲಿನ ಹಾಸು ಕಾಣುವಂತೆ ದೂರದಿಂದ ಒಂದು, ನಡುಬಿಲ್ಲೆಯ ಮೇಲ್ಮೈ ತೋರಿಸುವ ಒಂದು, ತೋಳಿನ ಮುಳ್ಳುಗಳು ಎಣಿಸಲು ಬರುವಷ್ಟು ಹತ್ತಿರದಿಂದ ಒಂದು. ಕೆಳಮೈಯ ಚಿತ್ರ ಸಿಕ್ಕರೆ ತಜ್ಞರ ಕೆಲಸ ಸುಲಭವಾಗುತ್ತದೆ. ಇವುಗಳ ಜೊತೆಗೆ ದಿನಾಂಕ, ಹೊತ್ತು, ಆ ದಿನದ ಇಳಿತದ ಸಮಯ, ದಡದಿಂದ ಎಷ್ಟು ಹೆಜ್ಜೆ ದೂರ, ಬಿರುಕಿನಲ್ಲಿತ್ತೇ ಹೊಂಡದಲ್ಲಿತ್ತೇ ಎಂಬುದು ಮತ್ತು ಮೇಲ್ಪದರ ಗುಡಿಸುವುದು ಕಂಡಿತೇ ಎಂಬುದನ್ನು ಸ್ಥಳದಲ್ಲಿಯೇ ಬರೆದುಕೊಳ್ಳಿ. ಐನ್ಯಾಚುರಲಿಸ್ಟ್‌ನಂಥ ಸಾರ್ವಜನಿಕ ದಾಖಲೆಯ ತಾಣಕ್ಕೆ ಸೇರಿಸುವಾಗ ಈ ಟಿಪ್ಪಣಿಯನ್ನೂ ಚಿತ್ರದ ಜೊತೆ ಹಾಕಿರಿ. ಪ್ರಭೇದದ ಬಗ್ಗೆ ಸಂದೇಹವಿದ್ದರೆ ಓಫಿಯೋಕೋಮಾ ಎಂದು ಕುಲದ ಮಟ್ಟದಲ್ಲಿಯೇ ನಿಲ್ಲಿಸಿ, ಉಳಿದದ್ದನ್ನು ಕೆಳಮೈಯ ಚಿತ್ರ ನೋಡಿದ ತಜ್ಞರಿಗೆ ಬಿಡಿ.